ಏನು ಬೇಕೋ ಅದನ್ನೇ ಕೇಳಿ: ಧೈರ್ಯವಾಗಿ, ಖಚಿತವಾಗಿ ಪ್ರಾರ್ಥಿಸುವುದೆಂದರೆ

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾನೆ. ನಾನು ನಿಮಗೆ ಏನು ಮಾಡಬೇಕು?

ಮೊದಲು ಕೇಳಿದ್ದು ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರನ್ನು. ಅವರು ಮುಚ್ಚುಮರೆ ಮಾಡಲಿಲ್ಲ. ನೀನು ಮಹಿಮೆಯಲ್ಲಿ ಕೂತಾಗ ಒಬ್ಬ ನಿನ್ನ ಬಲಗಡೆ, ಇನ್ನೊಬ್ಬ ಎಡಗಡೆ ಕೂರಬೇಕು ಅಂದರು. ಎರಡನೇ ಸಲ ಕೇಳಿದ್ದು ಯೆರಿಕೋವಿನ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಬಾರ್ತಿಮಾಯನನ್ನು. ಸುಮ್ನಿರು ಅಂತ ಜನ ಗದರಿಸಿದಷ್ಟೂ ಜೋರಾಗಿ ಕೂಗಿದವನು ಅವನು. ಅವನ ಉತ್ತರ ಇನ್ನೂ ಚಿಕ್ಕದು. ನನಗೆ ಕಣ್ಣು ಕಾಣಬೇಕು.

ಬಾರ್ತಿಮಾಯನಿಗೆ ಅಲ್ಲೇ ಕಣ್ಣು ಬಂತು. ಅಣ್ಣತಮ್ಮಂದಿರಿಗೆ ಸಿಕ್ಕಿದ್ದು, ನೀವು ಏನು ಕೇಳುತ್ತಿದ್ದೀರೋ ನಿಮಗೇ ಗೊತ್ತಿಲ್ಲ ಅನ್ನುವ ಮಾತು. ಆದರೆ ಕೇಳಿದ್ದೇ ತಪ್ಪು ಅಂತ ಯೇಸು ಅವರನ್ನು ಓಡಿಸಲಿಲ್ಲ. ನಾನು ಕುಡಿಯುವ ಪಾತ್ರೆಯಲ್ಲಿ, ಅಂದರೆ ನನಗೆ ಬರಲಿರುವ ಸಂಕಟದ ಪಾತ್ರೆಯಲ್ಲಿ, ನೀವು ಕುಡಿಯಬಲ್ಲಿರಾ ಅಂತ ಕೇಳಿದ, ಮಾತು ಮುಂದುವರಿಸಿದ. ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕು ಅಂತ ಹನ್ನೆರಡೂ ಜನಕ್ಕೆ ಕಲಿಸಿದ. ಅವರಿಬ್ಬರು ‘ಬೋಧಕನೇ, ನಮ್ಮನ್ನು ಆಶೀರ್ವದಿಸು’ ಅಂತಷ್ಟೇ ಹೇಳಿ ಹೋಗಿದ್ದರೆ ಆ ಆಸೆ ಒಳಗೇ ಕೂತಿರುತ್ತಿತ್ತು. ಬಾಯಿಬಿಟ್ಟು ಹೇಳಿದ್ದಕ್ಕೇ ಅದನ್ನು ತಿದ್ದಲು ಸಾಧ್ಯವಾಯಿತು.

ಖಚಿತವಾದ ಪ್ರಾರ್ಥನೆಯ ಬಗ್ಗೆ ಮಾತಾಡುವವರು ಜಾಸ್ತಿ ಬಿಟ್ಟುಬಿಡುವ ಅಂಶ ಇದು. ಸ್ಪಷ್ಟವಾಗಿ ಕೇಳಿದವರಿಗೆಲ್ಲ ಕೇಳಿದ್ದು ಸಿಗುತ್ತದೆ ಅಂತ ಸತ್ಯವೇದ ಎಲ್ಲೂ ಹೇಳುವುದಿಲ್ಲ. ಆದರೆ ಸ್ಪಷ್ಟವಾಗಿ ಕೇಳಿದಾಗ ಮಾತ್ರ ಹೌದು, ಇಲ್ಲ, ಈಗ ಬೇಡ, ಹೀಗೆ ಬೇಡ ಅನ್ನುವ ಯಾವುದಾದರೊಂದು ಉತ್ತರ ನಮ್ಮ ಕಣ್ಣಿಗೆ ಬೀಳುತ್ತದೆ.

ಸೋಲೇ ಇಲ್ಲದ ಪ್ರಾರ್ಥನೆ

‘ಕರ್ತನೇ, ನಮ್ಮ ಕುಟುಂಬವನ್ನು ಆಶೀರ್ವದಿಸು, ಎಲ್ಲರನ್ನೂ ಕಾಪಾಡು, ನಿನ್ನ ಚಿತ್ತದಂತೆ ನಡೆಸು, ಆಮೆನ್.’

ಇದರಲ್ಲಿ ತಪ್ಪೇನಿಲ್ಲ. ದಣಿದು ಮಲಗುವ ಹೊತ್ತಿಗೆ ಬಾಯಿಗೆ ಬಂದದ್ದು ಇಷ್ಟೇ ಆದರೂ ದೇವರು ಕೇಳಿಸಿಕೊಳ್ಳುತ್ತಾನೆ. ಆದರೆ ವರ್ಷಗಟ್ಟಲೆ ಇಷ್ಟೇ ಆದರೆ? ಇದಕ್ಕೆ ಉತ್ತರ ಬಂತೋ ಇಲ್ಲವೋ ಅಂತ ಗೊತ್ತಾಗುವುದೇ ಇಲ್ಲ. ನಿಜ ಹೇಳಬೇಕೆಂದರೆ, ಗೊತ್ತಾಗದಿರಲಿ ಅಂತಲೇ ಎಷ್ಟೋ ಸಲ ನಾವು ಹೀಗೆ ಪ್ರಾರ್ಥಿಸುತ್ತೇವೆ. ಹೆಸರು ಹಿಡಿದು ಕೇಳಿ, ಅದು ಸಿಗದೆ ಹೋದರೆ ನಂಬಿಕೆಗೆ ಪೆಟ್ಟು ಬೀಳುತ್ತದೆ ಅನ್ನುವ ಭಯ. ಹಾಗಾಗಿ ಸೋಲಲು ದಾರಿಯೇ ಇಲ್ಲದಂತೆ ಮಾತು ಜೋಡಿಸುತ್ತೇವೆ. ಸೋಲು ತಪ್ಪುತ್ತದೆ. ಜೊತೆಗೆ, ನಾನು ಕೇಳಿದ್ದೆ, ನೀನು ಕೊಟ್ಟೆ, ಸ್ತೋತ್ರ ಅಂತ ಹೇಳುವ ಅವಕಾಶವೂ ತಪ್ಪುತ್ತದೆ.

ದೇವರಿಗೆ ಎಲ್ಲಾ ಗೊತ್ತಿದೆಯಲ್ಲ, ಬಿಡಿಸಿ ಹೇಳುವುದು ಯಾಕೆ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಬೇಡುವುದಕ್ಕೆ ಮುಂಚೆಯೇ ನಿಮಗೇನು ಬೇಕೆಂಬುದು ತಂದೆಗೆ ತಿಳಿದಿದೆ ಅಂತ ಯೇಸುವೇ ಹೇಳಿದ್ದು, ಮತ್ತಾಯ 6:8ರಲ್ಲಿ. ಆದರೆ ಅದರ ಮುಂದಿನ ವಚನದಲ್ಲೇ ಆತ ಪ್ರಾರ್ಥನೆ ಕಲಿಸಲು ಶುರು ಮಾಡುತ್ತಾನೆ. ಅದರಲ್ಲಿ ಈ ಹೊತ್ತಿನ ಆಹಾರ ಕೊಡು ಅನ್ನುವಷ್ಟು ನೇರವಾದ ಬೇಡಿಕೆ ಇದೆ. ತಂದೆಗೆ ಗೊತ್ತಿದೆ ಅನ್ನುವುದರಿಂದ ಯೇಸು ತೆಗೆದ ತೀರ್ಮಾನ, ಸುಮ್ನೆ ಮಾತು ಬೆಳೆಸಬೇಡಿ ಅಂತ. ಕೇಳಲೇಬೇಡಿ ಅಂತ ಅಲ್ಲ. ಬೇಡಿಕೆಯನ್ನು ಬಿಡಿಸಿ ಹೇಳುವುದು ದೇವರಿಗೆ ಸುದ್ದಿ ಮುಟ್ಟಿಸಲಿಕ್ಕಲ್ಲ. ನಮಗೆ ನಿಜವಾಗಿ ಏನು ಬೇಕಾಗಿದೆ ಅಂತ ನಾವೇ ಆತನ ಮುಂದೆ ಒಪ್ಪಿಕೊಳ್ಳಲಿಕ್ಕೆ.

ಇನ್ನು ಕೆಲವರು ಇಷ್ಟು ಚಿಕ್ಕ ವಿಷಯಕ್ಕೆ ದೇವರಿಗೆ ಯಾಕೆ ತೊಂದರೆ ಅನ್ನುತ್ತಾರೆ. ಕೇಳಲು ವಿನಯದ ಮಾತು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲ ಎಲ್ಲಾ ವಿಷಯವನ್ನೂ ದೇವರಿಗೆ ತಿಳಿಯಪಡಿಸಿರಿ ಅಂದ. ದೊಡ್ಡದು ಯಾವುದು, ಚಿಕ್ಕದು ಯಾವುದು ಅಂತ ಮೊದಲು ಜರಡಿ ಹಿಡಿಯಿರಿ ಅನ್ನಲಿಲ್ಲ.

ಒಂದು ಪ್ರಾರ್ಥನೆಯನ್ನು ಬಿಡಿಸಿ ನೋಡೋಣ

ಆಸ್ತಿಯ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟ ಒಬ್ಬ ತಮ್ಮ ಇದ್ದಾನೆ ಅಂದುಕೊಳ್ಳಿ. ಭಾನುವಾರ ಇಬ್ಬರೂ ಕೂತು ಮಾತಾಡಬೇಕು. ಅವನ ಪ್ರಾರ್ಥನೆ ಇಷ್ಟು ದಿನ ‘ನಮ್ಮ ಮನೆಯಲ್ಲಿ ಸಮಾಧಾನ ಕೊಡು’ ಅಂತಿತ್ತು.

ಸಮಾಧಾನ ಅಂದರೆ ಇಲ್ಲಿ ಏನು? ಅವನು ಮನಸ್ಸು ಬಿಚ್ಚಿ ಹೇಳಿದರೆ ಮೊದಲು ಹೊರಗೆ ಬರುವುದು, ‘ಅಣ್ಣ ತನ್ನ ತಪ್ಪು ಒಪ್ಪಿಕೊಳ್ಳಲಿ, ಪಾಲು ನನಗೆ ಸಿಗಲಿ.’ ಇದೂ ಖಚಿತವಾದ ಪ್ರಾರ್ಥನೆಯೇ. ಆದರೆ ಇದನ್ನು ದೇವರ ಮುಂದೆ ಪೂರ್ತಿ ವಾಕ್ಯವಾಗಿ ಹೇಳುವಷ್ಟರಲ್ಲಿ ಏನೋ ಚುಚ್ಚುತ್ತದೆ, ಅಲ್ವಾ? ಕೇಳುವುದಿಲ್ಲವಾದ್ದರಿಂದ ನಿಮಗೆ ಸಿಗುವುದಿಲ್ಲ, ಕೇಳಿದರೂ ಭೋಗಕ್ಕಾಗಿ ಕೇಳುತ್ತೀರಿ ಅಂತ ಯಾಕೋಬನ ಪತ್ರದ 4ನೇ ಅಧ್ಯಾಯ ಹೇಳುತ್ತದೆ. ಈ ಎರಡೂ ಮಾತು ಒಂದರ ಪಕ್ಕ ಒಂದು ಇರುವುದು ಸುಮ್ನೆ ಅಲ್ಲ. ಕೇಳದಿರುವ ರೋಗಕ್ಕೂ ಕೆಟ್ಟದಾಗಿ ಕೇಳುವ ರೋಗಕ್ಕೂ ಮದ್ದು ಒಂದೇ ಕಡೆ ಇದೆ. ಬಾಯಿಬಿಟ್ಟು ಹೇಳಿದಾಗಲೇ ನಮ್ಮ ಉದ್ದೇಶ ನಮಗೂ ಕೇಳಿಸುವುದು.

ಇನ್ನೊಮ್ಮೆ ಪ್ರಯತ್ನಿಸಿದಾಗ ಆ ತಮ್ಮನ ಪ್ರಾರ್ಥನೆ ಹೀಗಾಗಬಹುದು. ‘ಭಾನುವಾರ ಅಣ್ಣ ಮಾತಾಡುವಾಗ ನಾನು ನಡುವೆ ಬಾಯಿ ಹಾಕದಂತೆ ನನ್ನನ್ನು ತಡೆ. ಕಾಗದಪತ್ರ ಸರಿಯಾಗಿ ಓದುವ ತಾಳ್ಮೆ ಇಬ್ಬರಿಗೂ ಕೊಡು. ನನಗೆ ನ್ಯಾಯವಾಗಿ ಬರಬೇಕಾದದ್ದು ಬರಲಿ, ಅವನದು ಒಂದು ಬಿಡಿಗಾಸೂ ನನಗೆ ಬೇಡ. ಹಳೆಯ ಜಗಳದ ಮಾತು ಎತ್ತದಂತೆ ಮಾಡು. ಮುಂದಿನ ವಾರವೂ ಅವನು ನನ್ನ ಜೊತೆ ಮಾತಾಡುವ ಹಾಗಿರಲಿ.’

ಈಗ ಭಾನುವಾರ ಸಂಜೆ ಅವನಿಗೆ ನೋಡಿಕೊಳ್ಳಲು ಏನಾದರೂ ಇದೆ. ಬಾಯಿ ಹಾಕಿದೆನಾ ಇಲ್ಲವಾ? ಅಣ್ಣ ಮತ್ತೆ ಫೋನ್ ಮಾಡಿದನಾ? ಪಾಲಿನ ಬೇಡಿಕೆಯೂ ಹಾಗೇ ಉಳಿದಿದೆ, ಅದನ್ನು ಭಕ್ತಿಯ ನೆಪದಲ್ಲಿ ಮುಚ್ಚಿಡಬೇಕಾಗಿಲ್ಲ.

ಧೈರ್ಯ ಅಂದರೆ ಜೋರು ದನಿಯಲ್ಲ

ಧೈರ್ಯದ ಪ್ರಾರ್ಥನೆ ಅಂದ ತಕ್ಷಣ ಕೆಲವರಿಗೆ ನೆನಪಾಗುವುದು ಮೈಕ್ ಮುಂದೆ ಗಂಟಲು ಹರಿಯುವಂತೆ ಕೂಗುವುದು. ಬಾರ್ತಿಮಾಯನೂ ಕೂಗಿದ, ನಿಜ. ಆದರೆ ಹಳೆ ಒಡಂಬಡಿಕೆಯಲ್ಲಿ ಮಕ್ಕಳಿಲ್ಲದೆ ನೊಂದು ಪ್ರಾರ್ಥಿಸಿದ ಹನ್ನಳ ತುಟಿ ಮಾತ್ರ ಅಲ್ಲಾಡಿತು, ದನಿಯೇ ಕೇಳಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಅವಳು ಕೇಳಿದ್ದು ಗಂಡು ಮಗು, ಅದೂ ನಿನಗೇ ಕೊಟ್ಟುಬಿಡುತ್ತೇನೆ ಅನ್ನುವ ಹರಕೆಯ ಜೊತೆ. ಸತ್ಯವೇದದಲ್ಲಿ ಅದಕ್ಕಿಂತ ಧೈರ್ಯದ ಬೇಡಿಕೆ ಹುಡುಕುವುದು ಕಷ್ಟ.

ಧೈರ್ಯ ಎಲ್ಲಿಂದ ಬರುತ್ತದೆ ಅನ್ನುವುದನ್ನು ಇಬ್ರಿಯರಿಗೆ ಬರೆದ ಪತ್ರ 4ನೇ ಅಧ್ಯಾಯದ ಕೊನೆಯಲ್ಲಿ ಬಿಡಿಸಿ ಹೇಳುತ್ತದೆ. ಧೈರ್ಯದಿಂದ ಕೃಪಾಸನದ ಮುಂದೆ ಬರೋಣ ಅನ್ನುವ ಮಾತನ್ನು ನಾವು ಬಾಯಿಪಾಠ ಮಾಡಿರುತ್ತೇವೆ, ಅದರ ಹಿಂದಿನ ಎರಡು ವಚನ ಬಿಟ್ಟಿರುತ್ತೇವೆ. ಅಲ್ಲಿ ಕಾರಣ ಇದೆ. ನಮ್ಮ ಬಲಹೀನತೆ ಅರಿತು ಮರುಗುವ ಮಹಾಯಾಜಕನಾಗಿ ಯೇಸು ನಮಗಿದ್ದಾನೆ, ಆತ ನಮ್ಮ ಹಾಗೇ ಶೋಧನೆಗೆ ಒಳಗಾದವನು. ಧೈರ್ಯಕ್ಕೆ ಆಧಾರ ಆತ. ನನ್ನ ನಂಬಿಕೆ ಎಷ್ಟು ಗಟ್ಟಿ, ಈ ವಾರ ನಾನು ಎಷ್ಟು ಒಳ್ಳೆಯವನಾಗಿದ್ದೆ ಅನ್ನುವ ಲೆಕ್ಕಕ್ಕೆ ಇಲ್ಲಿ ಜಾಗ ಇಲ್ಲ. ಒಂದು ಕೆಟ್ಟ ವಾರ ಕಳೆದ ಮೇಲೆ ಪ್ರಾರ್ಥನೆಗೆ ಕೂರಲು ನಾಚಿಕೆಪಡುವವರು ಈ ಸಾಲುಗಳನ್ನು ಇನ್ನೊಮ್ಮೆ ಓದಬೇಕು.

ಈ ಸಲಿಗೆ ಎಷ್ಟು ದೂರ ಹೋಗಬಹುದು ಅಂತ ನೋಡಬೇಕಾದರೆ ಆದಿಕಾಂಡ 18ಕ್ಕೆ ಹೋಗಿ. ಸೊದೋಮಿನಲ್ಲಿ 50 ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುತ್ತೀಯಾ ಅಂತ ಅಬ್ರಹಾಮ ಕೇಳುತ್ತಾನೆ. ಆಮೇಲೆ 45. ಆಮೇಲೆ 40, 30, 20, ಕೊನೆಗೆ 10. ಪಕ್ಕಾ ಚೌಕಾಸಿ! ನಾನು ಮಣ್ಣುಬೂದಿ ಅಂತ ನಡುವೆ ಹೇಳಿಕೊಳ್ಳುತ್ತಾನೆ, ಆದರೂ ಕೇಳುವುದನ್ನು ನಿಲ್ಲಿಸುವುದಿಲ್ಲ. ಒಂದು ಸಲವೂ ದೇವರು ಸಿಡುಕಲಿಲ್ಲ. ಆ ಹತ್ತು ಮಂದಿ ಸಿಗಲಿಲ್ಲ, ಊರು ಉಳಿಯಲಿಲ್ಲ. ಆದರೆ ದೇವರು ಅಬ್ರಹಾಮನನ್ನು ನೆನಪಿಸಿಕೊಂಡು, ಆ ಊರಿನಲ್ಲಿದ್ದ ಅವನ ಸಹೋದರನ ಮಗ ಲೋಟನನ್ನು ಪಾರುಮಾಡಿದ ಅಂತ ಮುಂದಿನ ಅಧ್ಯಾಯ ಹೇಳುತ್ತದೆ.

ಕೀರ್ತನೆಗಳಲ್ಲಂತೂ ಸಲಿಗೆ ಇನ್ನೂ ಜಾಸ್ತಿ. 13ನೇ ಕೀರ್ತನೆಯ ಮೊದಲ ಎರಡು ವಚನದಲ್ಲಿ ‘ಎಷ್ಟರವರೆಗೆ’ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾರಾದರೂ ಎದ್ದು ಹಾಗೆ ಕೇಳಿದರೆ ಪಕ್ಕದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಹಾಗಾದರೆ ‘ನಿನ್ನ ಚಿತ್ತದಂತಾಗಲಿ’ ಅನ್ನುವ ಮಾತಿಗೆ ಏನು ಬೆಲೆ? ಬಹಳ ಬೆಲೆ ಇದೆ. ಅದನ್ನು ಎಲ್ಲಿ ಹೇಳುತ್ತೇವೆ ಅನ್ನುವುದು ಮುಖ್ಯ. ಗೆತ್ಸೇಮನೆಯಲ್ಲಿ ಯೇಸು ಮೊದಲು ತನಗೆ ಬೇಕಾದದ್ದನ್ನು ನೇರವಾಗಿ ಕೇಳಿದ. ಈ ಪಾತ್ರೆಯನ್ನು ನನ್ನಿಂದ ತೊಲಗಿಸು. ಆಮೇಲೆ, ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತಾಗಲಿ ಅಂದ. ನಾವು ಎಷ್ಟೋ ಸಲ ಮೊದಲ ಭಾಗವನ್ನು ಹಾರಿಸಿ ಎರಡನೆಯದಕ್ಕೆ ನೆಗೆಯುತ್ತೇವೆ. ಒಪ್ಪಿಸಿಕೊಡಲು ಕೈಯಲ್ಲಿ ಏನಾದರೂ ಇರಬೇಕಲ್ಲ. ಏನನ್ನೂ ಕೇಳದೆ ಒಪ್ಪಿಸಿಕೊಟ್ಟೆ ಅಂದರೆ ಒಪ್ಪಿಸಿದ್ದಾದರೂ ಏನನ್ನು?

ಪೌಲ ಕೇಳಿದ ಮೂರು ಸಂಗತಿ

ಖಚಿತ ಬೇಡಿಕೆಗೆ ಉತ್ತರ ಹೇಗೆಲ್ಲಾ ಬರಬಹುದು ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ರೋಮಾಪುರದವರಿಗೆ ಬರೆದ ಪತ್ರ 15:30ರಿಂದ 32. ಸುಮಾರು ಕ್ರಿ.ಶ. 57ರಲ್ಲಿ ಪೌಲ ಆ ಪತ್ರ ಬರೆಯುವಾಗ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕೂಡಿಸಿದ ಹಣ ತೆಗೆದುಕೊಂಡು ಹೊರಟಿದ್ದ. ನನಗಾಗಿ ಪ್ರಾರ್ಥಿಸಿ ಅಂತ ಸುಮ್ನೆ ಹೇಳಲಿಲ್ಲ. ಮೂರು ವಿಷಯ ಹೇಳಿದ. ಯೂದಾಯದ ಅವಿಶ್ವಾಸಿಗಳ ಕೈಯಿಂದ ನಾನು ಪಾರಾಗಬೇಕು. ನನ್ನ ಈ ಸೇವೆ ಯೆರೂಸಲೇಮಿನ ದೇವಜನರಿಗೆ ಒಪ್ಪಿಗೆಯಾಗಬೇಕು. ಆಮೇಲೆ ಸಂತೋಷದಿಂದ ನಿಮ್ಮ ಬಳಿಗೆ ಬಂದು ವಿಶ್ರಮಿಸಿಕೊಳ್ಳಬೇಕು.

ಆದದ್ದೇನು? ಯೆರೂಸಲೇಮಿನಲ್ಲಿ ಸಹೋದರರು ಸಂತೋಷದಿಂದ ಬರಮಾಡಿಕೊಂಡರು ಅಂತ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಲೂಕ ಬರೆಯುತ್ತಾನೆ. ಹಣದ ವಿಷಯ ಏನಾಯಿತು ಅಂತ ಹೆಚ್ಚು ಹೇಳುವುದಿಲ್ಲ. ಕೆಲವೇ ದಿನಗಳಲ್ಲಿ ದೇವಾಲಯದಲ್ಲಿ ಜನ ಪೌಲನ ಮೇಲೆ ಬಿದ್ದು ಕೊಲ್ಲಲು ನೋಡಿದರು. ರೋಮಿನ ಸೈನ್ಯದ ಅಧಿಕಾರಿ ಬಂದು ಬಿಡಿಸಿದ, ಬಿಡಿಸಿದವನೇ ಬೇಡಿ ಹಾಕಿಸಿದ. ನಲವತ್ತಕ್ಕೂ ಹೆಚ್ಚು ಮಂದಿ, ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲ ಅಂತ ಶಪಥ ಮಾಡಿದರು. ಪೌಲನ ಅಕ್ಕನೋ ತಂಗಿಯೋ, ಅವಳ ಮಗನಿಗೆ ಆ ಸುದ್ದಿ ಹೇಗೋ ಸಿಕ್ಕಿತು. ಅದೇ ರಾತ್ರಿ 200 ಕಾಲಾಳುಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಿನಲ್ಲಿ ಪೌಲನನ್ನು ಊರು ದಾಟಿಸಿದರು. ಅವಿಶ್ವಾಸಿಗಳ ಕೈಯಿಂದ ಪಾರಾಗಬೇಕು ಅಂತ ಕೇಳಿದ್ದ. ಪಾರಾದ, ಕೈದಿಯಾಗಿ!

ಆಮೇಲೆ ಕೈಸರೈಯದಲ್ಲಿ ಎರಡು ವರ್ಷ ಬಂದೀಖಾನೆ. ಅಲ್ಲಿಂದ ರೋಮಿಗೆ ಹೋಗುವ ದಾರಿಯಲ್ಲಿ ಬದಲಿಸಿ ಹತ್ತಿದ ಹಡಗಿನಲ್ಲಿ 276 ಜನ. ಬಿರುಗಾಳಿಗೆ ಸಿಕ್ಕಿ ಹಡಗು ಒಡೆಯಿತು, ಎಲ್ಲರೂ ಈಜಿಯೋ ಹಲಗೆ ಹಿಡಿದೋ ದಡ ಸೇರಿದರು. ಮಾಲ್ಟಾ ದ್ವೀಪದಲ್ಲಿ ಮೂರು ತಿಂಗಳು. ಕೊನೆಗೆ ರೋಮು ಇನ್ನೂ ದೂರ ಇರುವಾಗಲೇ ಅಪ್ಪಿಯ ಪೇಟೆಯವರೆಗೆ ಅಲ್ಲಿನ ವಿಶ್ವಾಸಿಗಳು ಎದುರುಗೊಳ್ಳಲು ಬಂದಿದ್ದರು. ಅವರನ್ನು ನೋಡಿ ಪೌಲ ದೇವರಿಗೆ ಸ್ತೋತ್ರ ಹೇಳಿ ಧೈರ್ಯಗೊಂಡ ಅಂತ ಅಪೊಸ್ತಲರ ಕೃತ್ಯಗಳು 28:15 ಹೇಳುತ್ತದೆ.

ಬಂದವರಲ್ಲಿ ಆ ಪತ್ರ ಓದಿದವರು, ಆ ಮೂರು ವಿಷಯಕ್ಕೆ ಪ್ರಾರ್ಥಿಸಿದವರು ಇದ್ದಿರಲೇಬೇಕು. ಸಂತೋಷದಿಂದ ಬರಬೇಕು ಅಂತ ಕೇಳಿದ್ದ ಮನುಷ್ಯ ಕಾವಲಿನವರ ನಡುವೆ ನಡೆದು ಬರುತ್ತಿದ್ದಾನೆ, ಆದರೂ ಸ್ತೋತ್ರ ಹೇಳುತ್ತಿದ್ದಾನೆ. ಪೌಲ ಮೂರು ವರ್ಷದ ಹಿಂದೆ ‘ನನ್ನ ಪ್ರಯಾಣವನ್ನು ನೆನಪಿಸಿಕೊಳ್ಳಿ’ ಅಂತಷ್ಟೇ ಬರೆದಿದ್ದರೆ, ಇದು ಕೇಳಿದ್ದಕ್ಕೆ ಬಂದ ಉತ್ತರ ಅಂತ ಗುರುತಿಸಲು ಅವರಿಗೂ ಆಗುತ್ತಿರಲಿಲ್ಲ, ನಮಗೂ ಆಗುತ್ತಿರಲಿಲ್ಲ.

ಸಿಗದೆ ಹೋದಾಗ

ಹೀಗೆ ಬೇರೆ ದಾರಿಯಲ್ಲಿ ಬರುವ ಉತ್ತರ ಒಂದು ಕಡೆ. ಇಲ್ಲ ಅನ್ನುವುದೇ ಉತ್ತರ ಆಗಿಬಿಡುವುದೂ ಉಂಟು. ಕ್ರಿ.ಶ. 383ರಲ್ಲಿ, ಮುಂದೆ ಕ್ರೈಸ್ತ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನ ಉತ್ತರ ಆಫ್ರಿಕದ ಕಾರ್ಥೇಜಿನಿಂದ ರೋಮಿಗೆ ಹೊರಟಾಗ, ಮಗ ಹೋಗದಿರಲಿ ಅಂತ ತಾಯಿ ಮೋನಿಕ ರಾತ್ರಿಯೆಲ್ಲಾ ಅತ್ತು ಪ್ರಾರ್ಥಿಸಿದಳು. ಅವನು ಸುಳ್ಳು ಹೇಳಿ, ಅದೇ ರಾತ್ರಿ ಹಡಗು ಹತ್ತಿಬಿಟ್ಟ. ಅವಳು ಕೇಳಿದ್ದು ಸಿಗಲಿಲ್ಲ. ಆದರೆ ಆ ಪ್ರಯಾಣವೇ ಅವನನ್ನು ಮಿಲಾನಿನ ಬಿಷಪ್ ಅಂಬ್ರೋಸನ ಬಳಿಗೆ ತಲುಪಿಸಿತು. 387ರಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು, ನೋಡಲು ತಾಯಿ ಬದುಕಿದ್ದಳು. ಮಗ ಕ್ರಿಸ್ತನನ್ನು ನಂಬಲಿ ಅಂತ ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಡಲಿಕ್ಕಾಗಿ ದೇವರು ಆ ರಾತ್ರಿ ಕೇಳಿದ್ದನ್ನು ಕೊಡಲಿಲ್ಲ ಅನ್ನುವ ಅರ್ಥದಲ್ಲಿ ಅಗಸ್ಟೀನನೇ ಮುಂದೆ ಬರೆದ.

ಆದರೆ ಎಲ್ಲಾ ನಿರಾಕರಣೆಯೂ ಹೀಗೆ ಅರ್ಥವಾಗುವುದಿಲ್ಲ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ನೋಡಿ. ಪೇತ್ರ ಸೆರೆಯಲ್ಲಿದ್ದಾಗ ಸಭೆ ಆಸಕ್ತಿಯಿಂದ ಪ್ರಾರ್ಥಿಸಿತು, ದೇವದೂತ ಅವನನ್ನು ಬಿಡಿಸಿ ಕಳಿಸಿದ. ಅವನು ಬಂದು ಬಾಗಿಲು ತಟ್ಟಿದರೆ, ಒಳಗೆ ಪ್ರಾರ್ಥಿಸುತ್ತಿದ್ದವರೇ ನಂಬಲಿಲ್ಲ. ಸುದ್ದಿ ತಂದ ರೋದೆ ಅನ್ನುವ ಹುಡುಗಿಗೆ ನಿನಗೆ ಹುಚ್ಚು ಅಂದರು. ನಂಬಿಕೆಯ ಅಳತೆ ನೋಡಿ ಉತ್ತರ ಬರುತ್ತದೆ ಅನ್ನುವವರಿಗೆ ಈ ಕಥೆ ಸ್ವಲ್ಪ ಇರಿಸುಮುರಿಸು. ಇದೇ ಅಧ್ಯಾಯದ ಶುರುವಿನಲ್ಲಿ ಇನ್ನೊಂದು ಸಂಗತಿ ಇದೆ. ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಬಲಗಡೆ, ಎಡಗಡೆಯ ಜಾಗ ಕೇಳಿದ್ದ ಅದೇ ಯಾಕೋಬ. ಅವನಿಗೆ ಸಿಕ್ಕಿದ್ದು ಯೇಸು ಹೇಳಿದ್ದ ಪಾತ್ರೆ. ಪೇತ್ರ ಉಳಿದ, ಯಾಕೋಬ ಸತ್ತ. ಯಾಕೆ ಅಂತ ಲೂಕ ಒಂದು ಅಕ್ಷರವೂ ಬರೆಯುವುದಿಲ್ಲ.

ಲೂಕ ಬಿಟ್ಟ ಆ ಜಾಗವನ್ನು ನಾವು ತುಂಬಲು ಹೋಗಬಾರದು. ಕೇಳಿದ್ದನ್ನು ಈಗಾಗಲೇ ಸಿಕ್ಕಿತು ಅಂತ ಘೋಷಿಸಿಬಿಡಿ, ಸಿಗದಿದ್ದರೆ ನಿಮ್ಮ ನಂಬಿಕೆಯಲ್ಲೇ ಕೊರತೆ ಅಂತ ಬೋಧಿಸುವವರು ಇದ್ದಾರೆ. ಕಾಯಿಲೆ ಬಿದ್ದವರ ಹಾಸಿಗೆಯ ಪಕ್ಕ ನಿಂತು ಈ ಮಾತು ಆಡುವುದು ಕ್ರೂರತನ, ಇದಕ್ಕಿಂತ ಮೆದುವಾದ ಪದ ನನಗೆ ಹೊಳೆಯುತ್ತಿಲ್ಲ. ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡು ಅಂತ ಪೌಲ ಮೂರು ಸಲ ಬೇಡಿಕೊಂಡ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು, ಶೂಲ ಹೋಗಲಿಲ್ಲ. ಪೌಲನಿಗೆ ನಂಬಿಕೆ ಕಮ್ಮಿ ಇತ್ತು ಅಂತ ಯಾರೂ ಹೇಳಲಾರರು.

ರೂಢಿಗೆ ತರುವಾಗ

ಬರೆದಿಡುವುದು ಒಳ್ಳೆಯದು. ಒಂದು ಪುಸ್ತಕದಲ್ಲಿ ತಾರೀಕು, ಬೇಡಿಕೆ, ಮುಂದೆ ಉತ್ತರಕ್ಕೆ ಸ್ವಲ್ಪ ಜಾಗ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಿಂದ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಈ ರೂಢಿಗೆ ಹೆಸರಾದವರು. ಸುಮಾರು 10,000 ಮಕ್ಕಳನ್ನು ಸಾಕಿದ ಆ ಕೆಲಸಕ್ಕೆ ಅವರು ಜನರ ಹತ್ತಿರ ದುಡ್ಡು ಕೇಳಲಿಲ್ಲ, ದೇವರ ಹತ್ತಿರ ಇಂಥದ್ದು ಬೇಕು ಅಂತ ಕೇಳಿ ಬರೆದಿಟ್ಟರು. ಅವರು ವರ್ಷ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದುದೂ ನಿಜ. ಹಾಗಾಗಿ ಕೆಲಸದ ವಿಷಯ ಜನರಿಗೆ ಗೊತ್ತೇ ಇರಲಿಲ್ಲ ಅಂದುಕೊಳ್ಳುವುದು ಬೇಡ. ನಾವು ಅವರಿಂದ ಕಲಿಯಬಹುದಾದದ್ದು ಲೆಕ್ಕ ಇಡುವ ಆ ಶಿಸ್ತು.

ಖಚಿತವಾಗಿ ಕೇಳಿದವರಿಗೆ ಮಾಡಬೇಕಾದ ಕೆಲಸವೂ ಖಚಿತವಾಗಿ ಕಾಣುತ್ತದೆ. ಪಾರಸಿಯ ಅರಸನ ಪಾನದಾಯಕನಾಗಿದ್ದ ನೆಹೆಮೀಯ, ಗೋಡೆ ಕೆಡವಲ್ಪಟ್ಟಿದ್ದ ಯೆರೂಸಲೇಮಿಗಾಗಿ ಸುಮಾರು ನಾಲ್ಕು ತಿಂಗಳು ಪ್ರಾರ್ಥಿಸಿದ. ಅರಸ ಅರ್ತಷಸ್ತ ನಿನಗೇನು ಬೇಕು ಅಂದಾಗ ತಡವರಿಸಲಿಲ್ಲ. ಎಷ್ಟು ಕಾಲ ರಜೆ, ಯಾವ ಅಧಿಪತಿಗಳಿಗೆ ಪತ್ರ, ಬಾಗಿಲು ಮತ್ತು ಗೋಡೆಗೆ ಮರ ಕೊಡಲು ವನಪಾಲಕ ಆಸಾಫನಿಗೆ ಇನ್ನೊಂದು ಪತ್ರ. ಎಲ್ಲಾ ನಾಲಿಗೆಯ ತುದಿಯಲ್ಲಿತ್ತು.

ಬೇರೆಯವರಿಗಾಗಿ ಸಭೆಯಲ್ಲಿ ಪ್ರಾರ್ಥಿಸುವಾಗ ಮಾತ್ರ ಸ್ವಲ್ಪ ಹುಷಾರು. ಇಂಥವರ ಮಗಳ ಸಂಸಾರದಲ್ಲಿ ಹೀಗಾಗಿದೆ, ಪ್ರಾರ್ಥಿಸಿ ಅನ್ನುವ ಕೋರಿಕೆ ಎಷ್ಟೋ ಸಲ ಚಾಡಿಗೆ ಹೊದಿಸಿದ ಬಟ್ಟೆ. ಅವರ ಒಪ್ಪಿಗೆ ಇಲ್ಲದಿದ್ದರೆ ವಿವರ ನಿಮ್ಮ ಕೋಣೆಯಲ್ಲೇ ಇರಲಿ.

ಏನನ್ನು ಕೇಳಬೇಕೆಂದೇ ತಿಳಿಯದಿದ್ದಾಗ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದ ಪ್ರಾರ್ಥನೆ ಓದಿ. ಬೆದರಿಕೆಗೆ ಒಳಗಾದ ಆ ಸಭೆ, ಬೆದರಿಕೆ ನಿಲ್ಲಲಿ ಅಂತ ಕೇಳಲಿಲ್ಲ. ಧೈರ್ಯವಾಗಿ ಮಾತಾಡುವ ಶಕ್ತಿ ಕೊಡು ಅಂತ ಕೇಳಿತು. ತೊಂದರೆ ತೊಲಗಲಿ ಅನ್ನುವುದು ಒಂದೇ ಬೇಡಿಕೆ ಆಗಬೇಕಾಗಿಲ್ಲ.

ಎಷ್ಟು ದಿನ ಕೇಳುತ್ತಿರಬೇಕು? ಲೂಕ 18ರಲ್ಲಿ ಯೇಸು ಹೇಳಿದ ಸಾಮ್ಯದ ವಿಧವೆ ನ್ಯಾಯ ಸಿಗುವ ತನಕ ನ್ಯಾಯಾಧಿಪತಿಯನ್ನು ಬಿಡಲಿಲ್ಲ. ಪೌಲ ಸ್ಪಷ್ಟ ಉತ್ತರ ಬಂದ ಮೇಲೆ ನಿಲ್ಲಿಸಿದ. ಹನ್ನಳಿಗೆ ಮಗು ಹುಟ್ಟುವ ಮುಂಚೆಯೇ, ಪ್ರಾರ್ಥಿಸಿ ಎದ್ದ ದಿನವೇ ಮುಖದ ದುಃಖ ಹೋಗಿ ಊಟ ಸೇರಿತು. ಮೂವರಿಗೂ ಒಂದೇ ನಿಯಮ ಇರಲಿಲ್ಲ. ಇಲ್ಲ ಅನ್ನುವ ಉತ್ತರ ಖಚಿತವಾಗುವ ತನಕ ಕೇಳುತ್ತಿರಿ, ಕೇಳುತ್ತಾ ಕೇಳುತ್ತಾ ಬೇಡಿಕೆಯೇ ಬದಲಾದರೆ ಬದಲಾಗಲಿ. ಪುಸ್ತಕದಲ್ಲಿ ಹಳೆಯದನ್ನು ಹೊಡೆದುಹಾಕಬೇಡಿ, ಅದರ ಕೆಳಗೆ ಹೊಸದನ್ನು ಬರೆದು ಆ ದಿನದ ತಾರೀಕು ಹಾಕಿ.